ಬೋರ್ಗೆನ್ ನೋಡ್ತಿದ್ದೀನಿ, ಒಂದು ಡೌಟು: ಈ ಬಿರ್ಗಿಟ್ಟೆ ಪ್ರಾಮಾಣಿಕಳಾ, ಇಲ್ಲಾ ಬರೀ ಅದೃಷ್ಟವಂತೆನಾ?

ಸ್ಟ್ರಾಂಗ್_ಕಾಫಿ
ಎರಡು ದಿನದಿಂದ ಜ್ವರ ಅಂತ ಮನೇಲಿ ಬಿದ್ದಿದ್ದೆ, ಏನೂ ತೋಚದೆ ಬೋರ್ಗೆನ್ ಶುರು ಹಚ್ಕೊಂಡೆ. ಡೆನ್ಮಾರ್ಕಿನ ಸೀರಿಯಲ್ಲು, 2010ರದ್ದು, ಗೊತ್ತಿಲ್ಲದವರಿಗೆ ಎರಡೇ ಮಾತಲ್ಲಿ: ಬಿರ್ಗಿಟ್ಟೆ ನ್ಯೂಬೋರ್ಗ್ ಅಂತ ಒಬ್ಬಳು, ಮಾಡರೇಟ್ಸ್ ಅನ್ನೋ ಸಣ್ಣ ಪಕ್ಷದ ನಾಯಕಿ, ತತ್ವ ಗಿತ್ವ ಅಂತ ಇರೋಳು, ಯಾರೂ ನೆನಸದೇ ಇದ್ದಾಗ ದೇಶದ ಮೊದಲ ಮಹಿಳಾ ಪ್ರಧಾನಿ ಆಗಿಬಿಡ್ತಾಳೆ.

ನನ್ನ ತಲೆ ಕೊರೀತಿರೋದು ಮೊದಲನೇ ಎಪಿಸೋಡೇ. ಎಲೆಕ್ಷನ್ ಹತ್ರ ಬಂದಿದೆ, ಅವಳ ಸ್ಪಿನ್ ಡಾಕ್ಟರ್ (ಅಂದ್ರೆ ಮಾಧ್ಯಮದ ಮುಂದೆ ಏನು, ಹೇಗೆ ಹೇಳ್ಬೇಕು ಅಂತ ಹೇಳಿಕೊಡೋ ಸಲಹೆಗಾರ) ಕ್ಯಾಸ್ಪರ್ ಒಂದು ರಸೀದಿ ತಂದು ಕೊಡ್ತಾನೆ. ಹಾಲಿ ಪ್ರಧಾನಿ ಹೆಸೆಲ್‌ಬೋ ಲಂಡನ್ನಿನ ಅಂಗಡೀಲಿ ಹೆಂಡ್ತಿ ಶಾಪಿಂಗಿಗೆ ಸರ್ಕಾರಿ ಕಾರ್ಡ್ ಉಜ್ಜಿದ್ದಾನೆ ಅನ್ನೋದಕ್ಕೆ ಸಾಕ್ಷಿ. ಇವಳು "ಛೀ, ಇದನ್ನ ನಾನು ಮುಟ್ಟಲ್ಲ" ಅಂತಾಳೆ. ಕ್ಯಾಸ್ಪರ್ ಹೋಗಿ ಅದನ್ನ ಲೇಬರ್ ಪಕ್ಷದ ಲಾಗೆಸೆನ್‌ಗೆ ಕೊಡ್ತಾನೆ, ಅವನು ಟಿವಿ ಡಿಬೇಟಲ್ಲಿ ಎಲ್ಲರ ಮುಂದೆ ಅದನ್ನ ಝಾಡಿಸ್ತಾನೆ. ಹೆಸೆಲ್‌ಬೋ ಮಾನ ಹೋಯ್ತು, ಕೊಳಕು ಕೆಲಸ ಮಾಡ್ದ ಅಂತ ಲಾಗೆಸೆನ್‌ದೂ ಹೋಯ್ತು, ಮಧ್ಯದಲ್ಲಿ ಸುಮ್ನೆ ನಿಂತಿದ್ದ ನಮ್ಮ ಬಿರ್ಗಿಟ್ಟೆಗೆ ಕುರ್ಚಿ ಬಂತು. ಹಾಗಾದ್ರೆ ಅವಳ ಆದರ್ಶಕ್ಕೆ ಏನ್ ಬೆಲೆ ಬಂತು ಹೇಳಿ? ಕೈ ಕೆಸರಾಗಲಿಲ್ಲ, ಬಾಯಿಗೆ ಮೊಸರು ಬಿತ್ತು.

ಅರ್ಧ_ಟಿಕೆಟ್
ಸ್ಪಾಯ್ಲರ್ ಅಂತ ಮೇಲೆ ಹಾಕ್ಬಾರ್ದಾ ಗುರೂ. ಇವತ್ತು ರಾತ್ರಿ ನೋಡೋಣ ಅಂತ ಇದ್ದೆ.

ಸ್ಟ್ರಾಂಗ್_ಕಾಫಿ
ಸೀರಿಯಲ್ ಬಂದು ಒಂದೂವರೆ ದಶಕ ಆಯ್ತಲ್ಲೋ ಮಾರಾಯ. ಅವಳು ಪ್ರಧಾನಿ ಆಗ್ತಾಳೆ ಅಂತ ಪೋಸ್ಟರಲ್ಲೇ ಇದೆ.

ಬ್ಯಾಕ್_ಬೆಂಚ್_ಭಟ್ಟ
ಕಾಫಿ ಅವ್ರೇ ನೀವು ಅರ್ಧ ಮಾತ್ರ ಹೇಳಿದ್ರಿ. ಅವಳು ಸುಮ್ನೆ ಎಲ್ಲಿ ನಿಂತಿದ್ಲು? ಅದಕ್ಕೂ ಮುಂಚೆನೇ ಆಶ್ರಯ ಕೇಳ್ಕೊಂಡು ಬಂದವರ ವಿಷಯದಲ್ಲಿ ಲಾಗೆಸೆನ್ ವೋಟಿಗಾಗಿ ಮಾತು ಬದಲಾಯಿಸ್ದ ಅಂತ ಟಿವಿ ಲೈವಲ್ಲೇ ಅವನ ಜೊತೆಗಿನ ದೋಸ್ತಿ ಮುರ್ಕೊಂಡ್ಲು. ಸಣ್ಣ ಪಕ್ಷದವರಿಗೆ ಅದು ಆತ್ಮಹತ್ಯೆ ಇದ್ದ ಹಾಗೆ, ಮಂತ್ರಿಗಿರಿ ಕೈಯಿಂದ ಜಾರಿತು ಅಂತಲೇ ಅರ್ಥ. ಆಮೇಲೆ ಡಿಬೇಟಲ್ಲಿ ಕ್ಯಾಸ್ಪರ್ ಬರೆದುಕೊಟ್ಟ ಭಾಷಣ ಪಕ್ಕಕ್ಕಿಟ್ಟು ಮನಸ್ಸಿಗೆ ಬಂದಿದ್ದು ಮಾತಾಡ್ತಾಳೆ. ಜನ ವೋಟ್ ಹಾಕಿದ್ದು ಅದಕ್ಕೆ, ರಸೀದಿಗಲ್ಲ.

ಇನ್ನೊಂದು, ಆ ಡಿಬೇಟಿಗೆ ಹೋಗೋ ಮುಂಚೆ ಹಾಕ್ಕೋಬೇಕು ಅಂದುಕೊಂಡಿದ್ದ ಸೂಟು ಮೈಗೆ ಹಿಡಿಯಲ್ಲ, ದಪ್ಪ ಆಗಿದ್ದೀನಿ ಅಂತ ಅವಳೇ ಒಪ್ಕೋತಾಳೆ. ಇಡೀ ಸೀರಿಯಲ್ಲಲ್ಲಿ ನಂಗೆ ಅವಳ ಮೇಲೆ ನಂಬಿಕೆ ಹುಟ್ಟಿದ್ದು ಆ ಜಿಪ್ ಮೇಲೆ ಹತ್ತದ ಸೀನಿನಲ್ಲೇ. ನಮ್ಮ ಸೀರಿಯಲ್ಲಿನ ನಾಯಕಿ ಮಲಗುವಾಗಲೂ ಕಾಸಿನ ಸರ ಹಾಕ್ಕೊಂಡಿರ್ತಾಳೆ.

ಧಾರವಾಡ_ಫೇಡಾ
ಭಟ್ರ ಅದೆಲ್ಲಾ ಖರೆ ಇರ್ಬಹುದು ಬಿಡ್ರಿ. ನನ್ನ ಪ್ರಶ್ನೆ ಒಂದ ಐತಿ. ರಸೀದಿ ಕೊಟ್ಟ ಅಂತ ಕ್ಯಾಸ್ಪರನ್ನ ಕೆಲಸದಿಂದ ತಗದ್ಲು, ಭಾಳ ಛಲೋ, ಚಪ್ಪಾಳಿ. ಆಮ್ಯಾಲೆ ಕುರ್ಚಿ ಅಳ್ಳಾಡಾಕ ಹತ್ತಿದ ಕೂಡ್ಲೆ ಮತ್ತ ಅವನ್ನ ಕರ್ಕೊಂಡು ಬಂದ್ಲೊ ಇಲ್ಲೊ? ತಪ್ಪು ಅಲ್ಲೆ ಐತಿ. ಚಾಕೂ ಬಿಸಾಡಿದೆ ಅಂತ ಊರಿಗೆಲ್ಲಾ ಹೇಳಿ, ಎಲ್ಲೆ ಬಿಸಾಡಿದ್ದೆ ಅಂತ ನೆನಪಿಟ್ಟುಕೊಂಡಿದ್ಲು.

ಅರ್ಧ_ಟಿಕೆಟ್
ಅದೂ ಹೇಳ್ಬಿಟ್ರಾ. ಥ್ಯಾಂಕ್ಸ್.

ಸೈಕಲ್_ಮೇಲೆ_ಕನ್ನಡಿಗ
ಕೋಪನ್‌ಹೇಗನ್ನಿನಲ್ಲಿ ಕೆಲಸ ಮಾಡ್ಕೊಂಡಿರೋನು ನಾನು, ಹಾಗಾಗಿ ಮೂಗು ತೂರಿಸ್ತೀನಿ ಕ್ಷಮಿಸಿ. ಮೊದಲು ಉಚ್ಚಾರ: ಬೋರ್ಗೆನ್ ಅಂತ ಬರೀತಾರೆ ಅಷ್ಟೇ, ಇಲ್ಲಿನವರ ಬಾಯಲ್ಲಿ ಅದು ಹೆಚ್ಚುಕಮ್ಮಿ "ಬೋವ್ನ್". ನಾನು ಬಂದ ಹೊಸದರಲ್ಲಿ ಬೋರ್ಗೆನ್ ಬೋರ್ಗೆನ್ ಅಂತ ಮೂರು ಸಲ ಹೇಳಿದ್ರೂ ಆಫೀಸಿನವರಿಗೆ ಅರ್ಥ ಆಗ್ಲಿಲ್ಲ. ಡೇನ್‌ಗಳು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡು ಮಾತಾಡ್ತಾರೆ ಅಂತ ಪಕ್ಕದ ದೇಶದವರೇ ಆಡ್ಕೋತಾರೆ, ಸುಳ್ಳಲ್ಲ.

ಅರ್ಥ "ಕೋಟೆ". ಕ್ರಿಶ್ಚಿಯನ್ಸ್‌ಬೋರ್ಗ್ ಅರಮನೆಗೆ ಜನ ಇಟ್ಟಿರೋ ಅಡ್ಡಹೆಸರು ಅದು. ಪಾರ್ಲಿಮೆಂಟು, ಪ್ರಧಾನಿ ಕಚೇರಿ, ಸುಪ್ರೀಂ ಕೋರ್ಟು ಮೂರೂ ಆ ಒಂದೇ ಕಟ್ಟಡದಲ್ಲಿವೆ. ಅದರ ಗೋಪುರ 106 ಮೀಟರ್, ಹತ್ತೋಕೆ ಟಿಕೆಟ್ ಇಲ್ಲ, ನಮ್ಮ ಅಪ್ಪ ಅಮ್ಮ ಬಂದಾಗ ಕರ್ಕೊಂಡು ಹೋಗಿದ್ದೆ. ಅಮ್ಮ ಮೇಲಿಂದ ನೋಡಿ "ಮಂತ್ರಿಗಳ ಕಾರುಗಳೆಲ್ಲಿ" ಅಂದ್ರು. ಕೆಳಗೆ ಕಾಣ್ತಿದ್ದಿದ್ದು ಬರೀ ಸೈಕಲ್ಲು.

ಈಗ ವಿಷಯಕ್ಕೆ. ಎಲ್ರೂ ರಸೀದಿ ರಸೀದಿ ಅಂತೀರಲ್ಲ, ಅವಳನ್ನ ಪ್ರಧಾನಿ ಮಾಡಿದ್ದು ರಸೀದಿನೂ ಅಲ್ಲ ಭಾಷಣನೂ ಅಲ್ಲ, ಲೆಕ್ಕ. ಇಲ್ಲಿನ ಪಾರ್ಲಿಮೆಂಟಲ್ಲಿ 179 ಸೀಟು, ಅದರಲ್ಲಿ ಎರಡು ಗ್ರೀನ್‌ಲ್ಯಾಂಡಿಂದು, ಎರಡು ಫ್ಯಾರೋ ದ್ವೀಪದ್ದು. 90 ಬಂದ್ರೆ ಬಹುಮತ. ಎರಡನೇ ಎಪಿಸೋಡಿನ ಹೆಸರೇ "90ರವರೆಗೆ ಎಣಿಸಿ". ಶೇಕಡಾ 2 ವೋಟು ತಗೊಂಡ್ರೂ ಪಕ್ಷಕ್ಕೆ ಸೀಟು ಸಿಗುತ್ತೆ, ಹಾಗಾಗಿ 2022ರ ಎಲೆಕ್ಷನ್ನಲ್ಲಿ ಬರೀ ಡೆನ್ಮಾರ್ಕ್ ಭಾಗದಿಂದಲೇ 12 ಪಕ್ಷ ಒಳಗೆ ಬಂದವು. ಇಷ್ಟು ಜನ ಇರೋ ಕಡೆ ದೊಡ್ಡವರಿಬ್ಬರೂ ಹಾಳಾದ್ರೆ ಎಲ್ರಿಗೂ ಒಪ್ಪಿಗೆ ಆಗೋ ಮಧ್ಯದವಳು ಬರೋದು ಸಹಜ. ಇನ್ನೊಂದು ಮಜಾ ಏನಂದ್ರೆ ಇಲ್ಲಿ ಪ್ರಧಾನಿ ಆಗೋಕೆ ಬಹುಮತ ನಿಮ್ಮ *ಪರ* ಇರಬೇಕಾಗಿಲ್ಲ, ನಿಮ್ಮ *ವಿರುದ್ಧ* ಇರಬಾರದು ಅಷ್ಟೇ.

ಲೆಕ್ಕದ_ಮೇಷ್ಟ್ರು
ಒಂದ್ನಿಮಿಷ. ವಿಶ್ವಾಸಮತ ಯಾಚನೆ ಅಂತ ಇಲ್ವೇ ಇಲ್ವಾ?

ಸೈಕಲ್_ಮೇಲೆ_ಕನ್ನಡಿಗ
ಶುರುವಲ್ಲಿ ಇಲ್ಲ ಸರ್. ಪಕ್ಷದ ನಾಯಕರೆಲ್ಲ ಒಬ್ಬೊಬ್ಬರೇ ಅರಮನೆಗೆ ಹೋಗಿ "ಸರ್ಕಾರ ರಚನೆ ಮಾತುಕತೆ ಇಂಥವರು ನಡೆಸಲಿ" ಅಂತ ರಾಣಿಗೆ ಹೇಳಿ ಬರೋರು (ಈಗ ರಾಜ). ಮಾತುಕತೆ ಕುದುರಿದ್ರೆ ಸರ್ಕಾರ. ಯಾರಾದ್ರೂ ಅವಿಶ್ವಾಸ ತಂದು ಗೆದ್ರೆ ಮಾತ್ರ ಮನೆಗೆ. ಅದಕ್ಕೇ ಇಲ್ಲಿ ಅಲ್ಪಮತದ ಸರ್ಕಾರವೇ ಮಾಮೂಲಿ.

ಲೆಕ್ಕದ_ಮೇಷ್ಟ್ರು
ನಮ್ಮಲ್ಲಿ ಇದೇ ಕಾನೂನು ಇದ್ದಿದ್ರೆ ಎಷ್ಟು ರೆಸಾರ್ಟುಗಳು ಮುಚ್ಚಿಹೋಗ್ತಿದ್ದವೋ. 2018 ನೆನಪು ಮಾಡ್ಕೊಳ್ಳಿ, 224ರಲ್ಲಿ 104 ಬಂದವರು ಮೂರನೇ ದಿನಕ್ಕೆ ರಾಜೀನಾಮೆ, 37 ಬಂದವರು ಮುಖ್ಯಮಂತ್ರಿ. ಬಿರ್ಗಿಟ್ಟೆ ಕಥೆ ಕೇಳಿ "ಸಣ್ಣ ಪಕ್ಷದವಳು ಪ್ರಧಾನಿನಾ" ಅಂತ ಬೇರೆ ಯಾರಾದ್ರೂ ಬಾಯಿ ಬಿಡಬಹುದು, ಕನ್ನಡದವರು ಬಿಡಲ್ಲ. ನಾವು ನೋಡಿದ್ದೀವಿ, ಒಂದು ವರ್ಷ ಎರಡು ತಿಂಗಳು. ಆಮೇಲೆ 2019ರ ಜುಲೈಯಲ್ಲಿ ವಿಶ್ವಾಸಮತದಲ್ಲಿ 99ಕ್ಕೆ 105, ಸರ್ಕಾರ ಬಿತ್ತು.

ಧಾರವಾಡ_ಫೇಡಾ
ಮೇಷ್ಟ್ರ, ಅಲ್ಲೆ ಪಕ್ಷಾಂತರ ಮಾಡಿದ್ರ ಏನ್ ಮಾಡ್ತಾರಂತ ಕೇಳ್ರಿ. ನಮ್ಮಲ್ಲೆ 1985ರಾಗ ಕಾನೂನು ಬಂತು, ಅದು ಬಂದ ಮ್ಯಾಲೆ ಚಿಲ್ಲರೆ ವ್ಯಾಪಾರ ನಿಂತು ಹೋಲ್‌ಸೇಲ್ ಶುರು ಆತು.

ಸೈಕಲ್_ಮೇಲೆ_ಕನ್ನಡಿಗ
ಅಂಥ ಕಾನೂನು ಇಲ್ಲ. ಸದಸ್ಯರು ತಮ್ಮ ಆತ್ಮಸಾಕ್ಷಿಗೆ ಮಾತ್ರ ಬದ್ಧರು ಅಂತ ಸಂವಿಧಾನದಲ್ಲೇ ಬರೆದಿದ್ದಾರೆ, 56ನೇ ಕಲಮು. ಪಕ್ಷ ಬಿಟ್ರೂ ಸೀಟು ಅವರದ್ದೇ.

ಧಾರವಾಡ_ಫೇಡಾ
ಆತ್ಮಸಾಕ್ಷಿ!! ನಮ್ಮ ಕಡೆ ಅದಕ್ಕ ರೇಟ್ ಕಟ್ಟೇವಿ.

ಮಲೆನಾಡ_ಮಳೆ
ಇಲ್ಲಿ ಬರೀಲೋ ಬೇಡ್ವೋ ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದೆ. ಕಾಫಿ ಅವ್ರು ಕೇಳಿದ ಪ್ರಶ್ನೆ ನಮ್ಮ ಮನೇಲೇ ನಡೆದಿದೆ, ಪ್ರಧಾನಿ ಲೆವೆಲ್ಲಲ್ಲಿ ಅಲ್ಲ ಬಿಡಿ, 2005ರ ತಾಲೂಕು ಪಂಚಾಯ್ತಿ ಎಲೆಕ್ಷನ್.

ಅಪ್ಪ ನಿಂತಿದ್ರು. ದುಡ್ಡಿಲ್ಲ ಕಾಸಿಲ್ಲ, ಒಂದು ಜೀಪು ಅದೂ ಸ್ನೇಹಿತರದ್ದು, ಕರಪತ್ರ ಕಟ್ಟೋಕೆ ಅಡಿಕೆ ಹಾಳೆ ಕಟ್ಟೋ ದಾರ. ಎದುರಾಳಿ ನಮ್ಮೂರಿಂದ ಮೂರು ಮೈಲಿ ಆಚೆಯವರು, ಅವರೂ ಕೆಟ್ಟವರಲ್ಲ, ಅಪ್ಪನ ಜೊತೆ ಹೈಸ್ಕೂಲು ಓದಿದವರು. ವೋಟಿಂಗಿಗೆ ಎರಡು ದಿನ ಇದೆ ಅನ್ನೋವಾಗ ಸಂಜೆ ಒಬ್ಬ ಬಂದ, ಯಾರು ಅಂತ ಹೇಳಲ್ಲ, ಅಂಗಿ ಒಳಗಿಂದ ಒಂದು ಝೆರಾಕ್ಸ್ ತೆಗೆದ. ಎದುರಾಳಿ ಮಗನ ಆಸ್ಪತ್ರೆ ಚೀಟಿ, ಹುಡುಗ ಕುಡಿತ ಬಿಡಿಸೋಕೆ ಅಂತ ಸೇರಿದ್ದ, ವಯಸ್ಸು ಇನ್ನೂ ಇಪ್ಪತ್ತೋ ಏನೋ. "ಮಗನ್ನೇ ಸರಿ ಮಾಡ್ಲಿಲ್ಲ, ತಾಲೂಕು ಸರಿ ಮಾಡ್ತಾರಾ ಅಂತ ಒಂದು ಸಾಲು ಸೇರ್ಸಿ ಹಂಚಿದ್ರೆ ಸಾಕು" ಅಂದ. ಅಪ್ಪ ಏನೂ ಮಾತಾಡ್ಲಿಲ್ಲ. ಚೀಟಿ ಈಸ್ಕೊಂಡ್ರು, ಬಚ್ಚಲಮನೆಗೆ ಹೋಗಿ ಹಂಡೆ ಒಲೆಗೆ ಹಾಕಿದ್ರು. ಬಂದು "ಕಾಫಿ ಕುಡಿದು ಹೋಗು" ಅಂದ್ರು. ಅವನು ಕುಡೀದೆ ಹೋದ.

ಮಾರನೇ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಗೋಡೆ, ಹಾಲಿನ ಡೈರಿ, ಸೊಸೈಟಿ ಬಾಗಿಲು, ಎಲ್ಲಾ ಕಡೆ ಅದೇ ಝೆರಾಕ್ಸ್ ಅಂಟಿಸಿದ್ರು. ನಮ್ಮ ಕಡೆಯವರು ಹಾಕಿದ್ದಲ್ಲ, ಇನ್ನೊಬ್ಬ ಕ್ಯಾಂಡಿಡೇಟ್ ಕಡೆಯವರು. ಅದೇ ಮನುಷ್ಯ ನಮ್ಮನೆಯಿಂದ ಸೀದಾ ಅಲ್ಲಿಗೆ ಹೋಗಿದ್ದ. ಅಪ್ಪ 63 ವೋಟಲ್ಲಿ ಗೆದ್ರು.

ಊರೆಲ್ಲ ಹಾರ ಹಾಕ್ಕೊಂಡು ಬಂತು. ರಾತ್ರಿ ಎಲ್ಲಾ ಹೋದ್ಮೇಲೆ ಅಪ್ಪ ಜಗುಲಿ ಮೇಲೆ ಕೂತು "ನಾನಂತೂ ಸುಟ್ಟು ಹಾಕ್ದೆ" ಅಂದ್ರು, ಯಾರಿಗೆ ಹೇಳಿದ್ದೋ ಗೊತ್ತಿಲ್ಲ. ಅಮ್ಮ ಪಾತ್ರೆ ತೊಳೀತಾ ಒಳಗಿಂದಲೇ ಅಂದ್ರು, "ನೀವು ಸುಟ್ಟಿದ್ದು ಒಂದು ಕಾಪಿ."

ಸ್ಟ್ರಾಂಗ್_ಕಾಫಿ
ಅಯ್ಯೋ.

ಇಬ್ರು_ಮಕ್ಕಳ_ಅಮ್ಮ
ಅಮ್ಮನ ಕಾಲಿಗೆ ಬೀಳ್ಬೇಕು.

ಬ್ಯಾಕ್_ಬೆಂಚ್_ಭಟ್ಟ
ಮಳೆ ಅವ್ರೇ, ತಪ್ಪು ತಿಳ್ಕೋಬೇಡಿ, ಆದ್ರೆ ನಿಮ್ಮಪ್ಪ ಇನ್ನೇನು ಮಾಡ್ಬೇಕಿತ್ತು? ಗೆದ್ದ ಸೀಟು ವಾಪಸ್ ಕೊಡೋಕಾಗುತ್ತಾ? ಊರಲ್ಲಿರೋ ಎಲ್ಲಾ ಝೆರಾಕ್ಸ್ ಮಿಷನ್ ಮುಂದೆ ಕಾವಲು ಕೂರೋಕಾಗುತ್ತಾ? ಅವರ ಕೈಯಲ್ಲಿದ್ದಿದ್ದು ಆ ಒಂದೇ ಕಾಪಿ, ಅದನ್ನ ಸುಟ್ರು. ಬಿರ್ಗಿಟ್ಟೆಗೂ ಅದೇ ಅನ್ವಯ.

ಮಲೆನಾಡ_ಮಳೆ
ಅದನ್ನೇ ನಾನೂ ಎಷ್ಟೋ ವರ್ಷ ಹೇಳ್ತಿದ್ದೆ. ಅಪ್ಪ ಒಪ್ಪಲ್ಲ. "ಅವತ್ತು ರಾತ್ರಿನೇ ಅವನ ಮನೆಗೆ ಹೋಗಿ ಹಿಂಗೊಂದು ಕಾಗದ ಓಡಾಡ್ತಿದೆ, ಹುಷಾರು ಅಂತ ಹೇಳ್ಬಹುದಿತ್ತು, ಮೂರು ಮೈಲಿ, ಜೀಪಿತ್ತು" ಅಂತಾರೆ. ಹೋಗ್ಲಿಲ್ಲ. ಯಾಕೆ ಹೋಗ್ಲಿಲ್ಲ ಅಂತ ಕೇಳಿದ್ರೆ ಅಡಿಕೆ ರೇಟ್ ಬಗ್ಗೆ ಮಾತು ತಿರುಗಿಸ್ತಾರೆ.

ಧಾರವಾಡ_ಫೇಡಾ
ಇದು ನೋಡ್ರಿ ನಾ ಹೇಳಾಕ ಹತ್ತಿದ್ದು, ನನಗ ಇಷ್ಟು ಛಂದ ಹೇಳಾಕ ಬರ್ಲಿಲ್ಲ. ಬಿರ್ಗಿಟ್ಟೆನೂ ಹೆಸೆಲ್‌ಬೋಗೆ ಒಂದು ಫೋನ್ ಹಚ್ಚಬಹುದಿತ್ತಲ್ಲ. ಅಂವ ಏನ್ ಕಳ್ಳ ಅಲ್ಲ, ಹೆಂಡ್ತಿ ಅಂಗಡ್ಯಾಗ ರಂಪ ಮಾಡಾಕ ಹತ್ತಿದ್ಲು, ಸ್ವಂತ ಕಾರ್ಡ್ ಕೈಯಾಗ ಇರ್ಲಿಲ್ಲ, ಸಿಕ್ಕ ಕಾರ್ಡ್ ಕೊಟ್ಟ. ಮನುಷ್ಯಾನ ಮನಿ ಸಂಕಟ ಅದು. ಆ ಸೀನ್ ನೋಡಿ ನನಗ ವಿಲನ್ ಮ್ಯಾಲೆ ಪಾಪ ಅನ್ಸಿತು.

ಲೆಕ್ಕದ_ಮೇಷ್ಟ್ರು
ಸಂಕಟ ಇರಬಹುದು, ಆದ್ರೆ ಸರ್ಕಾರಿ ಕಾರ್ಡು ಸರ್ಕಾರಿ ಕಾರ್ಡೇ. ಸ್ವೀಡನ್ನಲ್ಲಿ 1995ರಲ್ಲಿ ಉಪಪ್ರಧಾನಿ ಮೋನಾ ಸಾಲಿನ್ ಅನ್ನೋರು ಇಲಾಖೆ ಕಾರ್ಡಲ್ಲಿ ಸ್ವಂತ ಖರ್ಚು ಮಾಡಿದ್ರು ಅಂತ ಪ್ರಧಾನಿ ಹುದ್ದೆಯ ರೇಸಿನಿಂದಲೇ ಹಿಂದೆ ಸರೀಬೇಕಾಯ್ತು. ಆ ಬಿಲ್ಲಲ್ಲಿ ಟಾಬ್ಲೆರೋನ್ ಚಾಕೊಲೇಟೂ ಇತ್ತು, ಹಗರಣಕ್ಕೆ ಇವತ್ತಿಗೂ ಚಾಕೊಲೇಟಿನ ಹೆಸರೇ.

ಅರ್ಧ_ಟಿಕೆಟ್
ಚಾಕೊಲೇಟಿಗೆ ರಾಜೀನಾಮೆ?? ನಮ್ಮಲ್ಲಿ ಫ್ಯಾಕ್ಟರಿನೇ ನುಂಗಿದ್ರೂ "ನನ್ನ ತೇಜೋವಧೆಗೆ ಷಡ್ಯಂತ್ರ" ಅಂತಾರೆ.

ಸೈಕಲ್_ಮೇಲೆ_ಕನ್ನಡಿಗ
ಡೆನ್ಮಾರ್ಕಿನವರನ್ನ ತೀರಾ ದೇವರು ಮಾಡ್ಬೇಡಿ. 2014ರಲ್ಲಿ ಇಲ್ಲಿನ ವಿರೋಧ ಪಕ್ಷದ ನಾಯಕ ಲಾರ್ಸ್ ಲೊಕೆ ರಾಸ್ಮುಸೆನ್ ಬಟ್ಟೆಗೆ ಪಕ್ಷವೇ 1,52,000 ಕ್ರೋನರ್ ಕೊಟ್ಟಿದೆ ಅಂತ ದೊಡ್ಡ ಗಲಾಟೆ ಆಗಿತ್ತು. ಮುಂದಿನ ವರ್ಷವೇ ಮತ್ತೆ ಪ್ರಧಾನಿ ಆದ್ರು. ಈ ಮನುಷ್ಯನ ಹೆಸರು ನೆನಪಲ್ಲಿರಲಿ, ಮುಂದೆ ಬರುತ್ತೆ.

ಇಬ್ರು_ಮಕ್ಕಳ_ಅಮ್ಮ
ಗಂಡಸರೆಲ್ಲ ಸೇರ್ಕೊಂಡು ರಸೀದಿ ಸೀಟು ಲೆಕ್ಕ ಅಂತ ಚರ್ಚೆ ಮಾಡ್ತಿದ್ದೀರಿ, ಈ ಸೀರಿಯಲ್ಲಿನ ನಿಜವಾದ ರಾಜಕೀಯ ಅಡುಗೆಮನೇಲಿದೆ ಸ್ವಾಮಿ. ಅವಳ ಗಂಡ ಫಿಲಿಪ್. ಇಬ್ಬರಿಗೂ ಮೊದಲೇ ಒಪ್ಪಂದ ಆಗಿರುತ್ತೆ, ಇಷ್ಟು ವರ್ಷ ನಿನ್ನ ಕೆರಿಯರ್, ಆಮೇಲೆ ನಂದು ಅಂತ. ಅವನು ಮಕ್ಕಳು ನೋಡ್ಕೋತಾನೆ, ಅಡುಗೆ ಮಾಡ್ತಾನೆ, ಎಲ್ಲಾ ಸರಿ. ಕೊನೆಗೆ ಅವನಿಗೊಂದು ಒಳ್ಳೇ ಕೆಲಸ ಸಿಗುತ್ತೆ. ಆ ಕಂಪನಿಗೂ ಸರ್ಕಾರ ಕೊಳ್ತಿರೋ ಯುದ್ಧವಿಮಾನದ ಆರ್ಡರಿಗೂ ಎಲ್ಲೋ ಸಂಬಂಧ ಇದೆ ಅಂತ ಗೊತ್ತಾಗಿ ಬಿರ್ಗಿಟ್ಟೆ ಬಿಡು ಅಂತಾಳೆ, ಬಿಡಿಸ್ತಾಳೆ. ದೇಶದ ದೃಷ್ಟಿಯಿಂದ ನೂರಕ್ಕೆ ನೂರು ಸರಿ. ಅವತ್ತಿಗೆ ಸಂಸಾರ ಹೋಯ್ತು.

ನಂಗೆ ಸಿಟ್ಟು ಬಂದಿದ್ದು ಏನಕ್ಕೆ ಅಂದ್ರೆ ಅವಳು ಅದನ್ನ ಹೇಳೋ ಧಾಟಿ. ಸಂಪುಟ ಸಭೇಲಿ ಮಂತ್ರಿಗೆ ಹೇಳೋ ಹಾಗೇ ಗಂಡನಿಗೂ ಹೇಳ್ತಾಳೆ. ನಮ್ಮನೇಲಿ ನಾನು ಟೀಮ್ ಲೀಡ್ ಆದ ವರ್ಷ ನಮ್ಮೆಜಮಾನ್ರು ಇದೇ ಮಾತು ಹೇಳಿದ್ರು, "ನನ್ ಹತ್ರ ಸ್ಟೇಟಸ್ ಅಪ್‌ಡೇಟ್ ಕೇಳ್ಬೇಡ ಕಣೇ, ಮೊಸರು ತರೋಕೆ ಹೋಗಿದ್ದೆ ಅಷ್ಟೇ" ಅಂತ.

ಸ್ಟ್ರಾಂಗ್_ಕಾಫಿ
ಹಹಹ ಮೊಸರಿಗೆ ಸ್ಟೇಟಸ್ ಅಪ್‌ಡೇಟ್

ಕಡಲ_ಕಪ್ಪೆ
ಎಂತ ಮಾರಾಯ್ರೆ, ಅದೇ ಬಿರ್ಗಿಟ್ಟೆ ಜಾಗದಲ್ಲಿ ಗಂಡಸು ಪ್ರಧಾನಿ ಇದ್ದು ಹೆಂಡತಿಗೆ ಕೆಲಸ ಬಿಡು ಹೇಳಿದ್ರೆ ಅದು ಸೀನೇ ಆಗ್ತಿರ್ಲಿಲ್ಲ. ಬ್ಯಾಕ್‌ಗ್ರೌಂಡಲ್ಲಿ ಹೆಂಡತಿ ಚಾ ತಂದು ಇಟ್ಟು ಹೋಗ್ತಿದ್ಲು, ಅಷ್ಟೆ. ಹೆಂಗಸು ಅಂದ ಕೂಡ್ಲೇ "ಸಂಸಾರ ಒಡೆಯಿತು" ಅಂತ ಶಿಕ್ಷೆ ಕೊಡ್ಬೇಕು. ಎರಡನೇ ಸೀಸನಲ್ಲಿ ಮಗಳು ಲಾರಾಗೆ ಆತಂಕದ ಕಾಯಿಲೆ ಬೇರೆ. ನನಗೆ ಅದು ಬರೆದವರ ಹಳೇ ಬುದ್ಧಿ ಅಂತ ಕಂಡದ್ದು.

ಇಬ್ರು_ಮಕ್ಕಳ_ಅಮ್ಮ
ಅರ್ಧ ಒಪ್ತೀನಿ. ಆದ್ರೆ ಲಾರಾ ಕಥೇಲಿ ಇನ್ನೊಂದಿದೆ. ಅಮ್ಮನ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ಕಡಿವಾಣ ಹಾಕೋ ಆರೋಗ್ಯ ಸುಧಾರಣೆ ತರ್ತಿದೆ, ಸರ್ಕಾರಿ ಕಡೆ ಕ್ಯೂ ಉದ್ದ, ಮಗಳನ್ನ ಖಾಸಗಿ ಕ್ಲಿನಿಕ್ಕಿಗೆ ಸೇರಿಸ್ತಾಳೆ. ಪೇಪರಿನವರು ಕ್ಲಿನಿಕ್ ಗೇಟಿಗೇ ಬಂದು ನಿಲ್ತಾರೆ. ಪತ್ರಿಕೆಯವರಲ್ಲಿ ಮುಂದೆ ಇರೋದು ಅದೇ ಲಾಗೆಸೆನ್, ರಾಜಕೀಯ ಬಿಟ್ಟು ಎಕ್ಸ್‌ಪ್ರೆಸ್ ಅನ್ನೋ ಪತ್ರಿಕೆಗೆ ಸಂಪಾದಕ ಆಗಿರ್ತಾನಲ್ಲ. ಅಲ್ಲಿ ಅವಳು ರಜೆ ಹಾಕಿ ಮಗಳ ಹತ್ರ ಹೋಗ್ತಾಳೆ, ಪ್ರಧಾನಿ ಆಗಿದ್ದು ರಜೆ! ಆದರ್ಶ ಅಂತ ಯಾವುದಾದ್ರೂ ಇದ್ರೆ ಅದೇ ಅನ್ಸ್ತು ನಂಗೆ.

ಮಲೆನಾಡ_ಮಳೆ
ಕ್ಲಿನಿಕ್ ಗೇಟು... ಹ್ಮ್. ಮೊದಲನೇ ಸೀಸನ್ನಲ್ಲಿ ಹೆಸೆಲ್‌ಬೋ ಹೆಂಡ್ತಿ ಅವಸ್ಥೆ ಪೇಪರಲ್ಲಿ ಬಂತು, ಎರಡನೇದ್ರಲ್ಲಿ ಇವಳ ಮಗಳದ್ದು. ಈಗ ನೀವು ಹೇಳಿದ್ಮೇಲೆ ಹೊಳೀತು.

ಬ್ಯಾಕ್_ಬೆಂಚ್_ಭಟ್ಟ
ಹೌದಲ್ವಾ!! ನಾನು ಎರಡು ಸಲ ನೋಡಿದ್ದೀನಿ, ಇದು ತಲೆಗೇ ಬಂದಿರ್ಲಿಲ್ಲ.

ಅರ್ಧ_ಟಿಕೆಟ್
ನನಗೂ ಬಂದಿರ್ಲಿಲ್ಲ, ಯಾಕಂದ್ರೆ ನಾನಿನ್ನೂ ನೋಡೇ ಇಲ್ಲ.

ಸಂಜೆ_ವಾರ್ತೆ
ಆದರ್ಶ ರಾಜಕಾರಣಿ ಅಂದ್ರೆ ಯುಕ್ರೇನಿನ "ಜನಸೇವಕ" ಸೀರಿಯಲ್ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ? 2015ರಲ್ಲಿ ಶುರು. ಒಬ್ಬ ಹಿಸ್ಟರಿ ಮೇಷ್ಟ್ರು ಕ್ಲಾಸಲ್ಲಿ ಭ್ರಷ್ಟಾಚಾರದ ಮೇಲೆ ಬಾಯಿಗೆ ಬಂದಂಗೆ ಬೈತಾನೆ, ಹುಡುಗರು ವಿಡಿಯೋ ಮಾಡಿ ಹಾಕ್ತಾರೆ, ವೈರಲ್ ಆಗಿ ಅವನು ರಾಷ್ಟ್ರಾಧ್ಯಕ್ಷನೇ ಆಗ್ತಾನೆ. ಆ ಪಾತ್ರ ಮಾಡಿದ ನಟ ಝೆಲೆನ್ಸ್ಕಿ 2019ರಲ್ಲಿ ನಿಜಕ್ಕೂ ಅಧ್ಯಕ್ಷ ಆದ, ಶೇಕಡಾ 73 ವೋಟು, ಪಕ್ಷಕ್ಕೂ ಸೀರಿಯಲ್ಲಿನದ್ದೇ ಹೆಸರು. ಬೋರ್ಗೆನ್ ಬರೀ ಕಥೆ, ಇದು ನಡೆದ ಕಥೆ.

ಬ್ಯಾಕ್_ಬೆಂಚ್_ಭಟ್ಟ
ಅದು ಕಾಮಿಡಿ ಅಲ್ವಾ, ಇದರ ಪಕ್ಕ ಹೇಗೆ ಇಡ್ತೀರಿ. ಅದರಲ್ಲಿ ಮೇಷ್ಟ್ರು ಒಳ್ಳೆಯವನು, ಉಳಿದವರು ಕಳ್ಳರು, ಮುಗೀತು. ಬೋರ್ಗೆನ್‌ನಲ್ಲಿ ಎದುರಾಳಿನೂ ಅರ್ಧ ಸರಿ ಇರ್ತಾನೆ, ಅದೇ ಕಷ್ಟ. ಕಂಪನಿ ಬೋರ್ಡುಗಳಲ್ಲಿ ಹೆಂಗಸರಿಗೆ ಮೀಸಲಾತಿ ತರೋ ಎಪಿಸೋಡ್ ನೋಡಿ, ದೊಡ್ಡ ಉದ್ಯಮಿ ಬಂದು "ಕಾನೂನು ತಂದ್ರೆ ಕಂಪನಿನೇ ದೇಶದಿಂದ ಆಚೆ ತಗೊಂಡು ಹೋಗ್ತೀನಿ" ಅಂತಾನೆ. ಅವನು ಸುಳ್ಳು ಬೆದರಿಕೆ ಹಾಕ್ತಿಲ್ಲ, ನಿಜಕ್ಕೂ ಹೋಗಬಲ್ಲ. ಕೆಲಸ ಹೋಗೋದು ಯಾರದ್ದು?

ಸಂಜೆ_ವಾರ್ತೆ
ಬೋರ್ಗೆನ್ ನೋಡಿ ಯಾರೂ ಪ್ರಧಾನಿ ಆಗ್ಲಿಲ್ಲವಲ್ಲ.

ಸೈಕಲ್_ಮೇಲೆ_ಕನ್ನಡಿಗ
ಸೀರಿಯಲ್ ಬಂದಿದ್ದು 2010ರ ಸೆಪ್ಟೆಂಬರ್. 2011ರ ಅಕ್ಟೋಬರಲ್ಲಿ ಹೆಲೆ ಥಾರ್ನಿಂಗ್ ಶ್ಮಿಟ್ ಡೆನ್ಮಾರ್ಕಿನ ಮೊದಲ ಮಹಿಳಾ ಪ್ರಧಾನಿ ಆದ್ರು. ನೋಡಿ ಆದ್ರು ಅಂತ ನಾನು ಹೇಳಲ್ಲ, ಅವರು ಲೇಬರ್ ಥರದ ದೊಡ್ಡ ಪಕ್ಷದವರು, ಮೊದಲಿಂದಲೂ ರೇಸಲ್ಲಿದ್ದರು. ಬಿರ್ಗಿಟ್ಟೆಗೆ ಹತ್ತಿರ ಅಂತ ಇಲ್ಲಿ ಜನ ಹೇಳೋದು ಮಾರ್ಗ್ರೆತೆ ವೆಸ್ಟೇಯರ್ ಹೆಸರು. ಸಣ್ಣ ಮಧ್ಯಮ ಪಂಥದ ಪಕ್ಷದ ನಾಯಕಿ, 2014ರಲ್ಲಿ ಯುರೋಪಿಯನ್ ಕಮಿಷನರ್ ಆಗಿ ಬ್ರಸೆಲ್ಸಿಗೆ ಹೋದ್ರು. 2022ರಲ್ಲಿ ಬಂದ ನಾಲ್ಕನೇ ಸೀಸನ್ನಿನ ಕೊನೆ ನೋಡಿದವರಿಗೆ ನಗು ಬರುತ್ತೆ, ಯಾಕೆ ಅಂತ ಅರ್ಧ_ಟಿಕೆಟ್ ಇರೋದ್ರಿಂದ ಹೇಳಲ್ಲ.

ಇನ್ನೂ ಮಜಾ ಬೇಕಾ? ಆಗಲೇ ಹೇಳಿದ ಬಟ್ಟೆ ಬಿಲ್ಲಿನ ಲೊಕೆ ರಾಸ್ಮುಸೆನ್ ಹಳೇ ಪಕ್ಷ ಬಿಟ್ಟು ಹೊಸ ಪಕ್ಷ ಕಟ್ಟಿದ್ರು. ಹೆಸರೇನು ಗೊತ್ತಾ? ಮಾಡರೇಟ್ಸ್. ಬಿರ್ಗಿಟ್ಟೆ ಪಕ್ಷದ ಹೆಸರೇ! 2022ರ ನವೆಂಬರ್ ಎಲೆಕ್ಷನ್ನಲ್ಲಿ 16 ಸೀಟು, ಆಮೇಲೆ ಎಡ ಬಲ ಸೇರಿ ಮಾಡಿದ ಸರ್ಕಾರದಲ್ಲಿ ವಿದೇಶಾಂಗ ಮಂತ್ರಿ. ನಾಲ್ಕನೇ ಸೀಸನಲ್ಲಿ ಬಿರ್ಗಿಟ್ಟೆ ಏನು? ವಿದೇಶಾಂಗ ಮಂತ್ರಿ. ಅವಳ ತಲೆನೋವು ಏನು? ಗ್ರೀನ್‌ಲ್ಯಾಂಡ್. ಈ ಮನುಷ್ಯನಿಗೆ ಟ್ರಂಪ್ ಕಡೆಯಿಂದ ಬಂದ ತಲೆನೋವು ಏನು? ಗ್ರೀನ್‌ಲ್ಯಾಂಡ್. ಬರೆದ ಆಡಮ್ ಪ್ರೈಸ್‌ಗೆ ಯಾವ ಜ್ಯೋತಿಷಿ ಗುರುವೋ.

ಲೆಕ್ಕದ_ಮೇಷ್ಟ್ರು
ಆಡಮ್ ಪ್ರೈಸ್ ಅಂದ್ರೆ ಟಿವಿಲಿ ಅಣ್ಣನ ಜೊತೆ ಅಡುಗೆ ಮಾಡೋರಲ್ವಾ? ಬೆಣ್ಣೆ ಸುರಿಯೋದು ನೋಡಿದ್ರೆ ಉಡುಪಿ ಭಟ್ರೂ ಹೆದರಬೇಕು.

ಸೈಕಲ್_ಮೇಲೆ_ಕನ್ನಡಿಗ
ಅವರೇ ಸರ್. ಇಲ್ಲಿ ಎಷ್ಟೋ ಜನಕ್ಕೆ ಅವರು ಮೊದಲು ಅಡುಗೆಯವರು, ಆಮೇಲೆ ಬರಹಗಾರರು.

ಕಡಲ_ಕಪ್ಪೆ
ನಾಲ್ಕನೇ ಸೀಸನ್ ಮಾತು ಬಂತಲ್ಲ, ಅದು ನೋಡಿ ನನಗೆ ಬೇಜಾರೇ ಆದದ್ದು. ಹವಾಮಾನ ಹವಾಮಾನ ಅಂತ ಭಾಷಣ ಮಾಡ್ತಿದ್ದೋಳು, ಗ್ರೀನ್‌ಲ್ಯಾಂಡಲ್ಲಿ ಎಣ್ಣೆ ಸಿಕ್ಕಿದ ಕೂಡ್ಲೇ ಮೊದಲು ಬೇಡ ಅಂತಾಳೆ, ಕುರ್ಚಿ ಹೋಗ್ತದೆ ಅಂದ ಕೂಡ್ಲೇ ಬೇಕು ಅಂತಾಳೆ. ಮಗ ಮಾಗ್ನುಸ್ ಹಂದಿ ಲಾರಿ ಬಾಗಿಲು ತೆಗೆದು ಹಂದಿಗಳನ್ನ ಓಡಿಸ್ತಾನೆ, ಅಮ್ಮ ಎಣ್ಣೆ ಪರ ಮಾತಾಡ್ತಾಳೆ. ಒಂದೇ ಮನೆ!

ಧಾರವಾಡ_ಫೇಡಾ
ನಾಲ್ಕನೇದ ಖರೇ ಸೀಸನ್. ಮೊದಲಿನ ಮೂರು ನಮಗ ಆಸೆ ಹಚ್ಚಿದ್ವು, ಇದು ಬಿಲ್ ಕೊಟ್ಟಿತು.

ಸೈಕಲ್_ಮೇಲೆ_ಕನ್ನಡಿಗ
ಒಂದು ತಿದ್ದುಪಡಿ: ನಿಜವಾದ ಗ್ರೀನ್‌ಲ್ಯಾಂಡ್ ಸರ್ಕಾರ 2021ರಲ್ಲೇ ಎಣ್ಣೆ ಹುಡುಕೋಕೆ ಹೊಸ ಲೈಸೆನ್ಸ್ ಕೊಡೋದು ನಿಲ್ಲಿಸಿತ್ತು, ಸೀರಿಯಲ್ ಬರೋ ಮುಂಚೆ. ಮತ್ತೆ 2009ರಿಂದ ನೆಲದಡಿಯ ಸಂಪತ್ತಿನ ಹಕ್ಕೂ ಅವರದ್ದೇ. ಕೋಪನ್‌ಹೇಗನ್ನಲ್ಲಿ ಕೂತವರು ಬೇಕು ಬೇಡ ಅಂತ ಕಿತ್ತಾಡೋದೇ ತಮಾಷೆ, ಸೀರಿಯಲ್ಲೂ ಅದನ್ನ ಚುಚ್ಚುತ್ತೆ.

ಸಂಜೆ_ವಾರ್ತೆ
ನಮ್ಮಲ್ಲಿ ಇಂಥದ್ದು ಯಾಕೆ ಬರಲ್ಲ? ಸೀತಾರಾಮ್ ಅವರ ಸೀರಿಯಲ್ಲುಗಳಲ್ಲಿ ಕೋರ್ಟ್ ಸೀನಲ್ಲಿ ವಕೀಲ ಸಿಎಸ್‌ಪಿ ಎದ್ದು ನಿಂತ್ರೆ ಮನೆಮಂದಿಯೆಲ್ಲ ಕೂತು ನೋಡ್ತಿದ್ವಿ. ಈಗ ಬರೀ ಎರಡನೇ ಹೆಂಡ್ತಿ, ವಿಷದ ಪಾಯಸ.

ಇಬ್ರು_ಮಕ್ಕಳ_ಅಮ್ಮ
ವಿಷದ ಪಾಯಸಕ್ಕೆ ಟಿಆರ್‌ಪಿ ಇದೆ, ಬಜೆಟ್ ಮಂಡನೆಗೆ ಇಲ್ಲ.

ಕಡಲ_ಕಪ್ಪೆ
ಬಜೆಟಲ್ಲೇ ವಿಷ ಹಾಕಿದ್ರೆ?

ಅರ್ಧ_ಟಿಕೆಟ್
ಮೊದಲನೇ ಎಪಿಸೋಡ್ ನೋಡ್ದೆ. ಎಲ್ಲಾ ಗೊತ್ತಿದ್ರೂ ಕೈ ಬೆವರಿತು. ಆ ಪತ್ರಕರ್ತೆ ಜೊತೆಗಿದ್ದಾಗಲೇ ಹೆಸೆಲ್‌ಬೋನ ಸ್ಪಿನ್ ಡಾಕ್ಟರ್ ಸಾಯೋ ಸೀನ್ ಯಾರೂ ಹೇಳಿರ್ಲಿಲ್ಲ, ಅದಕ್ಕೆ ಥ್ಯಾಂಕ್ಸ್. ಕಾಫಿ ಅವ್ರೇ, ನನ್ನ ವೋಟು: ಪ್ರಾಮಾಣಿಕಳೂ ಹೌದು ಅದೃಷ್ಟವಂತೆನೂ ಹೌದು, ಕ್ಯಾಸ್ಪರ್ ಮಾತ್ರ ಚೆನ್ನಾಗಿದ್ದಾನೆ.

ಸ್ಟ್ರಾಂಗ್_ಕಾಫಿ
ಜ್ವರ ಬಿಟ್ಟಿದೆ, ಸೀರಿಯಲ್ ಬಿಟ್ಟಿಲ್ಲ. ಮೊದಲನೇ ಸೀಸನ್ ಮುಗೀತು. ಗುರು ಥರ ಇದ್ದ ಆ ಮುದುಕ ಬೆಂಟನ್ನೇ ಸಂಪುಟದಿಂದ ತೆಗೆದುಹಾಕಿದ್ಲಲ್ರೀ. ನನ್ನ ಪ್ರಶ್ನೆ ಹಿಂತೆಗೆದುಕೊಳ್ತೀನಿ ಅಂತ ಬರೆಯೋಕೆ ಬಂದೆ, ಈಗ ಬೇಡ ಅನ್ಸ್ತಿದೆ. ಮಳೆ ಅವ್ರೇ ಒಂದು ಕೇಳ್ಲಾ, ಅಪ್ಪ ಆ ಐದು ವರ್ಷ ಏನು ಮಾಡಿದ್ರು?

ಮಲೆನಾಡ_ಮಳೆ
ಒಂದು ಕಾಲುಸಂಕ ಮಾಡಿಸಿದ್ರು, ಸಿಮೆಂಟಿಂದು, ಈಗಲೂ ಇದೆ. ಎರಡು ಬೋರ್‌ವೆಲ್, ಒಂದರಲ್ಲಿ ನೀರು ಬರ್ಲಿಲ್ಲ. ಮತ್ತೆ ನಿಲ್ಲಲಿಲ್ಲ.

ನಿನ್ನೆ ಊರಿಗೆ ಬಂದಿದ್ದೆ, ಮೊಬೈಲಿಂದ ಟಿವಿಗೆ ಹಾಕಿ ಮೊದಲನೇ ಎಪಿಸೋಡ್ ತೋರಿಸ್ದೆ. ಸಬ್‌ಟೈಟಲ್ ಇಂಗ್ಲಿಷು, ನಾನು ಪಕ್ಕದಲ್ಲಿ ಕೂತು ಹೇಳ್ತಾ ಹೋದೆ. ಯಾಕೆ ತೋರಿಸ್ತಿದ್ದೀನಿ ಅಂತ ಹೇಳಿರ್ಲಿಲ್ಲ. ಕ್ಯಾಸ್ಪರ್ ರಸೀದಿ ತಗೊಂಡು ಲಾಗೆಸೆನ್ ಹತ್ರ ಹೋಗೋ ಹೊತ್ತಿಗೆ ಅಪ್ಪ ಎದ್ದು ನೀರು ಕುಡಿಯೋಕೆ ಒಳಗೆ ಹೋದ್ರು. ಪಾಜ್ ಮಾಡ್ಲಾ ಅಂದೆ, ಬೇಡ ಓಡ್ಲಿ ಅಂದ್ರು. ಬಂದು ಕೂತು ಕೊನೆತನಕ ನೋಡಿದ್ರು.

ಮುಗಿದ್ಮೇಲೆ ಕೇಳಿದ್ದು ಒಂದೇ, "ಆ ಗಂಡ ದಿನಾ ಅಡುಗೆ ಮಾಡ್ತಾನಾ?" ಹೌದು ಅಂದೆ. ಅಮ್ಮ ಒಳಗಿಂದ ಜೋರಾಗಿ ನಕ್ಕರು. ನಾಳೆ ಎರಡನೇದು ಹಾಕು ಅಂದಿದ್ದಾರೆ, ಆದ್ರೆ ಏಳು ಗಂಟೆ ವಾರ್ತೆ ಮುಗಿದ ಮೇಲೆ.

ಧಾರವಾಡ_ಫೇಡಾ
ಎರಡನೇದ್ರಾಗ 90ರ ಲೆಕ್ಕ ಬರ್ತೈತಿ, 63ರಾಗ ಗೆದ್ದವರಿಗೆ ಭಾಳ ಸೇರ್ತೈತಿ. ಅಪ್ಪಾರು ಏನಂದ್ರು ಅಂತ ಇಲ್ಲೆ ಬರೀರಿ ಮತ್ತ.